ಮೀನು ಬಿತ್ತುವ ಮೊದಲು ತೂಕದ ಹಾಳೆ ಓದಿ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನ ಜಿಲ್ಲೆಯವನು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ರೆಡಿಚ್ ಹತ್ತಿರ ಇದ್ದೇನೆ. ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಗಾಳ ಹಾಕಿದ ಚಟ ಬಿಡಲಿಲ್ಲ, ಇಲ್ಲಿಯ ಒಂದು ಗಾಳದ ಕ್ಲಬ್ ಸೇರಿದ್ದೇನೆ. ಕ್ಲಬ್ಬಿಗೆ ಸುಮಾರು ಎರಡು ಎಕರೆಯ ಹಳೇ ಗಿರಣಿ ಕೊಳ ಇದೆ. ಸೆಪ್ಟೆಂಬರ್ ಕೊನೆಯ ಭಾನುವಾರ ನಮ್ಮ ಮ್ಯಾಚ್ ಇತ್ತು. ಬಂದಿದ್ದು 14 ಜನ. ಆರು ಜನಕ್ಕೆ ಒಂದೂ ಮೀನಿಲ್ಲ, ಅದರಲ್ಲಿ ನಾನೂ ಒಬ್ಬ. ಗೆದ್ದವರ ತೂಕ 6 ಪೌಂಡ್ 2 ಔನ್ಸ್ (16 ಔನ್ಸಿಗೆ ಒಂದು ಪೌಂಡ್, ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ), ಅದೂ ಒಂದೇ ಗೆಂಡೆ. 2009ರ ಹಾಳೆ ನೋಡಿದರೆ 38 ಜನ, ಗೆದ್ದವರ ತೂಕ 31 ಪೌಂಡ್! ಕಮಿಟಿಯವರು 300 ಗೆಂಡೆ ತಂದು ಬಿಡೋಣ ಅಂತಿದ್ದಾರೆ. ಮುಂದಿನ ಮೀಟಿಂಗಿನಲ್ಲಿ ನಾನು ಕೈ ಎತ್ತಬೇಕಾ? ಹಳೇ ತೂಕದ ಹಾಳೆಗಳ ಫೋಟೊ, ಕೊಳದ ಫೋಟೊ, ನನಗೆ ಗೊತ್ತಿರುವ ಮಿಕ್ಕ ವಿವರ ಎಲ್ಲ ಬೇರೆಯಾಗಿ ಬರೆದು ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ಕೈ ಎತ್ತಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು, ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇಂಗ್ಲೆಂಡಿನ ಗಾಳದ ಮ್ಯಾಚ್ ಅಂದರೆ ಸಾರಿಗೆ ಮೀನು ಹಿಡಿಯುವ ಕೆಲಸ ಅಲ್ಲ. ಬೆಳಿಗ್ಗೆ ಚೀಟಿ ಎತ್ತುತ್ತಾರೆ, ಚೀಟಿಯಲ್ಲಿ ಬಂದ ನಂಬರಿನ ಜಾಗಕ್ಕೆ ಹೋಗಿ ಕೂರಬೇಕು. ಆ ಜಾಗಕ್ಕೆ ಪೆಗ್ ಅನ್ನುತ್ತಾರೆ (ನಮ್ಮವರು ನಗುವುದು ಬೇಡ, ದಡದಲ್ಲಿ ಹೊಡೆದ ಗೂಟಕ್ಕೆ ಆ ಹೆಸರು). ಸೀಟಿ ಊದಿದ ಮೇಲೆ ಗಾಳ ಹಾಕಬೇಕು, ಐದು ಗಂಟೆ ಕಳೆದು ಮತ್ತೆ ಊದಿದಾಗ ಎತ್ತಬೇಕು. ಸಿಕ್ಕಿದ ಮೀನು ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಜೀವಂತ ಇರುತ್ತೆ. ಕೊನೆಗೆ ತಕ್ಕಡಿ ಬರುತ್ತೆ, ತೂಕ ಬರೆಯುತ್ತಾರೆ, ಮೀನನ್ನು ವಾಪಸ್ ನೀರಿಗೆ ಬಿಡುತ್ತಾರೆ. ಆ ಬಲೆಚೀಲಕ್ಕೂ ಕಾನೂನಿದೆ. ಎರಡು ಮೀಟರಿಗಿಂತ ಚಿಕ್ಕದು ಇರಬಾರದು, ಗಂಟು ಹಾಕಿದ ಬಲೆ ಆಗಿರಬಾರದು. ಗಂಟು ಮೀನಿನ ಮೈ ಕೆರೆಯುತ್ತೆ, ಲೋಳೆ ಹೋದರೆ ರೋಗ ಹತ್ತುತ್ತೆ.

ನೀವಿರುವ ರೆಡಿಚ್ ಊರಿಗೂ ಗಾಳಕ್ಕೂ ಹಳೇ ನಂಟು ಅಂತ ನಿಮಗೆ ಗೊತ್ತಿರಬಹುದು. 19ನೇ ಶತಮಾನದಲ್ಲಿ ಪ್ರಪಂಚದ ಸೂಜಿಗಳಲ್ಲಿ ಬಹುಪಾಲು ಆ ಸೀಮೆಯಲ್ಲೇ ಆಗುತ್ತಿತ್ತು. ಸೂಜಿ ಮಾಡುವ ಕೈಗೆ ಗಾಳದ ಕೊಕ್ಕೆ ಬಗ್ಗಿಸುವುದು ಕಷ್ಟವಾ? ಅದೂ ಅಲ್ಲಿಯ ಕಸುಬಾಯಿತು. ಸೂಜಿ ಉಜ್ಜುವ ಗಿರಣಿಗಳು ನೀರಿನ ಚಕ್ರದಿಂದ ನಡೆಯುತ್ತಿದ್ದವು. ಆ ಚಕ್ರಕ್ಕೆ ನೀರು ಕೂಡಿಡಲು ತೊರೆಗೆ ಅಡ್ಡ ಏರಿ ಹಾಕಿ ಕೊಳ ಮಾಡಿಕೊಳ್ಳುತ್ತಿದ್ದರು. ಆ ಕಡೆಯ ಗಿರಣಿ ಕೊಳಗಳ ಕತೆ ಇದು. ಅಂದರೆ ಅವು ಪ್ರಕೃತಿ ಕೊಟ್ಟಿದ್ದಲ್ಲ, ನಮ್ಮ ಕೆರೆಗಳ ಹಾಗೆ ಮನುಷ್ಯರು ಕಟ್ಟಿದ್ದು. ಕಟ್ಟಿದ ಕೊಳಕ್ಕೆ ವಯಸ್ಸಾಗುತ್ತೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಹಾಳೆಗಳು. ಗೆದ್ದವರ ತೂಕ 31ರಿಂದ 6ಕ್ಕೆ ಇಳಿಯಿತು ಅಂತ ಕಮಿಟಿ ಗಾಬರಿ ಆಗಿದೆ. ನಾನಾದರೆ ಆ ಅಂಕಿಯನ್ನು ಪಕ್ಕಕ್ಕಿಡುತ್ತೇನೆ. 38 ಮಕ್ಕಳ ತರಗತಿಯಲ್ಲಿ ಫಸ್ಟ್ ಬಂದವರ ಮಾರ್ಕು ಸಾಮಾನ್ಯವಾಗಿ 14 ಮಕ್ಕಳ ತರಗತಿಯ ಫಸ್ಟ್ ಮಾರ್ಕಿಗಿಂತ ಜಾಸ್ತಿ ಇರುತ್ತೆ, ಮಕ್ಕಳು ಒಂದೇ ಥರದವರಾದರೂ ಸಹ. ಜನ ಕಡಿಮೆ ಆದಷ್ಟೂ ಗೆಲ್ಲುವ ತೂಕ ತಾನಾಗಿ ಇಳಿಯುತ್ತೆ. ಜೊತೆಗೆ ಇನ್ನೊಂದು. ಗಾಳದಲ್ಲಿ ಪಳಗಿದವರು ಮೊದಲು ಹೊರಟುಹೋಗುತ್ತಾರೆ. ದುಡ್ಡು ಕೊಟ್ಟು ಗಾಳ ಹಾಕುವ ವ್ಯಾಪಾರಿ ಕೊಳಗಳು ಈಗ ಬೇಕಾದಷ್ಟಿವೆ. ಅಲ್ಲಿ ಮೀನಿನ ತೂಕ ನೂರು ಪೌಂಡ್ ದಾಟುವುದು ಏನೂ ಅಪರೂಪ ಅಲ್ಲ. ಗೆಲ್ಲುವ ಚಟ ಇದ್ದವರು ಅಲ್ಲಿಗೆ ಹೋಗುತ್ತಾರೆ. ನಿಮ್ಮಲ್ಲಿ ಉಳಿಯುವವರು ಥರ್ಮಾಸಿನಲ್ಲಿ ಟೀ ತಂದು ಬೆಂಡು ನೋಡುತ್ತಾ ಕೂರುವ ಜನ. ಹಾಗಾದರೆ ಸೊರಗಿದ್ದು ಕೊಳವಾ, ಕ್ಲಬ್ಬಾ?

ಎರಡೂ ಅಂತ ನಿಮ್ಮ ಹಾಳೆ ಹೇಳುತ್ತೆ. 2009ರಲ್ಲಿ ಎಲ್ಲರ ತೂಕ ಕೂಡಿದರೆ 266 ಪೌಂಡ್. 38 ಜನಕ್ಕೆ ಹಂಚಿದರೆ ತಲೆಗೆ 7 ಪೌಂಡ್. ಈ ಸಲದ ಒಟ್ಟು 16 ಪೌಂಡ್, ತಲೆಗೆ 1 ಪೌಂಡ್ 2 ಔನ್ಸ್. ಇದು ಜನ ಕಡಿಮೆಯಾದ ಲೆಕ್ಕದಿಂದ ಮಾತ್ರ ಬರುವ ಇಳಿತ ಅಲ್ಲ. ಆದರೂ ಪಳಗಿದವರು ಹೋದರು ಅನ್ನುವ ತಕರಾರು ಉಳಿಯುತ್ತೆ ಅಲ್ವಾ? ಅದಕ್ಕೂ ಉತ್ತರ ನಿಮ್ಮ ಫೋಟೊಗಳಲ್ಲೇ ಸಿಕ್ಕಿತು. ನಿಮ್ಮ ಹಿರಿಯ ಖಜಾಂಚಿಯವರು ಒಂದು ಮ್ಯಾಚೂ ತಪ್ಪಿಸಿಲ್ಲ. ಅದೇ ಹಳೇ ಕೋಲು, ಅದೇ ನೊಣದ ಮರಿಹುಳು ಅಂತ ನೀವೇ ಬರೆದಿದ್ದೀರಿ. ಅವರೊಬ್ಬರ ಸಾಲನ್ನು ಮಾತ್ರ ಬೆರಳಿಟ್ಟು ಓದಿದೆ. 2009ರಲ್ಲಿ 9 ಪೌಂಡ್, 2014ರಲ್ಲಿ 6, 2019ರಲ್ಲಿ 3, ಈ ಸಲ 10 ಔನ್ಸ್. ಮನುಷ್ಯ ಅದೇ, ಹುಳ ಅದೇ, ಐದು ಗಂಟೆ ಅದೇ. ಬದಲಾಗಿದ್ದು ನೀರಿನೊಳಗೆ. ಚೀಟಿಯಲ್ಲಿ ಬರುವ ಪೆಗ್ ಬೇರೆ ಬೇರೆ, ಒಂದು ವರ್ಷದ ಅಂಕಿ ಅದೃಷ್ಟ ಇರಬಹುದು. ಆದರೆ ಒಂದೇ ದಿಕ್ಕಿಗೆ ಇಳಿಯುತ್ತಾ ಬಂದದ್ದನ್ನು ಬರೀ ಅದೃಷ್ಟ ಅನ್ನಲು ಆಗಲ್ಲ.

ಇಂಥ ಹಾಳೆಗಳನ್ನು ಕಸ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಟ್ರೆಂಟ್ ನದಿಯಲ್ಲಿ 1969ರಿಂದ 1984ರವರೆಗೆ ಯಾವ ಮೀನು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಅನ್ನುವುದನ್ನು ವಿಜ್ಞಾನಿಗಳು ಗಾಳ ಹಾಕುವವರ ದಾಖಲೆ ಇಟ್ಟುಕೊಂಡೇ ಅಧ್ಯಯನ ಮಾಡಿದ್ದಾರೆ. ನಮ್ಮ ಕೆರೆಗಳಿಗೆ ಇಂಥ ಒಂದು ಹಾಳೆ ಇದ್ದಿದ್ದರೆ ನನ್ನ ಕೆಲಸ ಅರ್ಧ ಕಡಿಮೆ ಆಗುತ್ತಿತ್ತು. ನಮ್ಮಲ್ಲಿ ಮೀನಿನ ಗುತ್ತಿಗೆದಾರರನ್ನು "ಈ ಸಲ ಎಷ್ಟು ಬಂತು" ಅಂತ ಕೇಳಿ ನೋಡಿ, ಆಕಾಶ ನೋಡುತ್ತಾರೆ.

ಮುಂದಿನ ಪ್ರಶ್ನೆ ಎಷ್ಟು ಅನ್ನುವುದಲ್ಲ, ಎಂಥದ್ದು ಅನ್ನುವುದು. ಈ ಸಲ ಮೂವರಿಗೆ ತಲಾ ಒಂದೊಂದು ದೊಡ್ಡ ಮೀನು ಸಿಕ್ಕಿದೆ: ಆ ಗೆಂಡೆ, ನಾಲ್ಕೂವರೆ ಪೌಂಡಿನ ಒಂದು ಬ್ರೀಮ್, 3 ಪೌಂಡ್ 6 ಔನ್ಸಿನ ಒಂದು ಟೆಂಚ್. ಮಿಕ್ಕ ಐವರಿಗೆ ಸೇರಿ ಎರಡು ಪೌಂಡ್, ಎಲ್ಲಾ ಬೆರಳುದ್ದದ ರಡ್ ಮೀನು (ಬ್ರೀಮ್, ಟೆಂಚ್, ರಡ್, ಮುಂದೆ ಬರುವ ರೋಚ್, ಎಲ್ಲಾ ಅಲ್ಲಿಯ ಸಿಹಿನೀರಿನ, ಗೆಂಡೆಯ ಬಳಗದ ಮೀನುಗಳು). ಅಂದರೆ ಅಜ್ಜಂದಿರು ಇದ್ದಾರೆ, ಕೂಸುಗಳಿವೆ, ನಡುವಿನ ತಲೆಮಾರು ಕಾಣೆ. 2009ರಲ್ಲಿ ಬಲೆಚೀಲ ತುಂಬಿಸುತ್ತಿದ್ದದ್ದು ಅಂಗೈ ಅಗಲದ ರೋಚ್ ಮೀನು ಅಂತ ನಿಮ್ಮ ಹಿರಿಯರು ಹೇಳಿದ್ದಾರಲ್ಲ, ಅವೇ ಇಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಇದು.

ಗಾಳ ಹಾಕುವವರ ಬಾಯಲ್ಲಿ ಮೊದಲು ಬರುವ ಹೆಸರು ನೀರುಕಾಗೆಯದು. ಪೂರ್ತಿ ಸುಳ್ಳಲ್ಲ. ಮೊದಲೆಲ್ಲ ಅಲ್ಲಿ ಅವು ಹೆಚ್ಚಾಗಿ ಸಮುದ್ರದ ಅಂಚಿನಲ್ಲಿ ಗೂಡು ಕಟ್ಟುತ್ತಿದ್ದವು. 1981ರಲ್ಲಿ ಎಸೆಕ್ಸಿನ ಆಬರ್ಟನ್ ಜಲಾಶಯದ ಮರಗಳಲ್ಲಿ ಸಂಸಾರ ಹೂಡಿದವು, ಅಲ್ಲಿಂದ ಒಳನಾಡಿಗೆ ಹರಡಿದವು. ಒಂದು ಹಕ್ಕಿಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಮೀನು ಬೇಕು. ಹತ್ತು ಹಕ್ಕಿ ಒಂದು ತಿಂಗಳು ಬಂದರೆ 150 ಕಿಲೋ ಹತ್ತಿರ. ಎರಡು ಎಕರೆಗೆ ಇದು ಸಣ್ಣ ಲೆಕ್ಕ ಅಲ್ಲ. ಅದಕ್ಕೆ ನುಂಗಲು ಸಲೀಸಾಗುವುದು ಅಂಗೈ ಅಳತೆಯ ಮೀನೇ. ಐದು ಪೌಂಡಿನ ಬ್ರೀಮ್ ಅದರ ಗಂಟಲಲ್ಲಿ ಇಳಿಯಲ್ಲ. ಬೆರಳುದ್ದದ್ದಕ್ಕೆ ಶ್ರಮ ಜಾಸ್ತಿ, ಹೊಟ್ಟೆ ತುಂಬಲ್ಲ. ನಿಮ್ಮ ಹಾಳೆಯಲ್ಲಿ ಕಾಣೆಯಾದವರು ಯಾರು ಅಂತ ಮತ್ತೆ ನೋಡಿ.

ಆದರೆ ತಪ್ಪೆಲ್ಲ ಹಕ್ಕಿಯ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಕೋವಿ ಹಿಡಿಯುವ ಮಾತಂತೂ ಬೇಡವೇ ಬೇಡ. 1981ರ ವನ್ಯಜೀವಿ ಕಾನೂನಿನಡಿ ಅದಕ್ಕೆ ರಕ್ಷಣೆ ಇದೆ. ನ್ಯಾಚುರಲ್ ಇಂಗ್ಲೆಂಡ್ ಅನ್ನುವ ಸರ್ಕಾರಿ ಸಂಸ್ಥೆ ಲೈಸೆನ್ಸ್ ಕೊಡದೆ ಮುಟ್ಟುವ ಹಾಗಿಲ್ಲ. ನಾನು ಕೇಳುವುದು ಬೇರೆ. ನೀರುಕಾಗೆ ಮುಳುಗಿದಾಗ ಆ ರೋಚ್ ಎಲ್ಲಿ ಅಡಗಿಕೊಳ್ಳಬೇಕು? ನಿಮ್ಮ ಕೊಳದ ಫೋಟೊದಲ್ಲಿ ನೀರು ಹಾಲು ಜಾಸ್ತಿ ಹಾಕಿದ ಟೀ ಬಣ್ಣದಲ್ಲಿದೆ. ಒಂದು ಜೊಂಡಿನ ಮೆಳೆ ಇಲ್ಲ, ತಾವರೆ ಎಲೆ ಇಲ್ಲ, ನೀರೊಳಗೆ ಗಿಡ ಇಲ್ಲ. ಬೋಳು ಅಂಗಳದಲ್ಲಿ ಕೋಳಿಮರಿ ಬಿಟ್ಟು ಹದ್ದನ್ನು ಬೈದ ಹಾಗೆ ಆಯಿತು.

ಗಿಡ ಯಾಕೆ ಇಲ್ಲ? ಇಲ್ಲಿಗೆ ಬಂದಾಗ ನಿಮ್ಮ ಕಮಿಟಿಗೆ ಕಹಿಯಾಗುವ ಮಾತು ಹೇಳಬೇಕು. ಗೆಂಡೆಯಿಂದ. ಸಾಮಾನ್ಯ ಗೆಂಡೆ ಊಟ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಬಾಯನ್ನು ಕೊಳವೆಯ ಹಾಗೆ ಮುಂದಕ್ಕೆ ಚಾಚಿ ಕೆಸರಿಗೆ ಇಡುತ್ತೆ. ಒಂದು ಬಾಯಿ ಕೆಸರು ಹೀರುತ್ತೆ, ಒಳಗೆ ಹುಳ ಸೋಸಿಕೊಳ್ಳುತ್ತೆ, ಕೆಸರನ್ನು ಕಿವಿರಿನಿಂದ ಹೊರಗೆ ಉಗುಳುತ್ತೆ. ಮೇಲಿನಿಂದ ನೋಡುವವರಿಗೆ ಕಾಣುವುದು ಗುಳುಗುಳು ಗುಳ್ಳೆ, ಆಮೇಲೆ ಕಂದು ಹೊಗೆ. ದಿನವಿಡೀ ಇದೇ ಕೆಲಸ. ಗಿಡದ ಬೇರು ಕಿತ್ತು ಬರುತ್ತೆ. ನೀರು ಕದಡಿ ಬೆಳಕು ಕೆಳಗಿಳಿಯಲ್ಲ, ಹೊಸ ಗಿಡ ಹುಟ್ಟಲ್ಲ. ಕೆಸರಿನಲ್ಲಿ ಹೂತಿದ್ದ ರಂಜಕ ನೀರಿಗೆ ಬಂದು ಹಸಿರು ಪಾಚಿಗೆ ಗೊಬ್ಬರ ಆಗುತ್ತೆ. ಅದರಿಂದ ನೀರು ಇನ್ನೂ ಮಬ್ಬು. ಗಿಡ ಇಲ್ಲ ಅಂದರೆ ರೋಚ್, ಟೆಂಚ್ ಮೊಟ್ಟೆ ಅಂಟಿಸಲು ಜಾಗ ಕಡಿಮೆ, ಮರಿಗೆ ಮರೆ ಇಲ್ಲ, ಹಕ್ಕಿಗೆ ತಟ್ಟೆಯಲ್ಲಿ ಬಡಿಸಿದ ಹಾಗೆ.

ಗೆಂಡೆ ಕೆಟ್ಟ ಮೀನು ಅಂತ ನಾನು ಹೇಳಿದರೆ ನನಗೆ ಮೀನುಗಾರಿಕೆ ಪಾಠ ಹೇಳಿದ ಮೇಷ್ಟ್ರುಗಳು ಸಿಟ್ಟಾಗುತ್ತಾರೆ. 1957ರಲ್ಲಿ ಬ್ಯಾಂಕಾಕಿನಿಂದ ಭಾರತಕ್ಕೆ ಬಂದ ತಳಿ ಇಂದು ನಮ್ಮ ಕೆರೆಕೆರೆಯಲ್ಲೂ ಇದೆ. ಎಷ್ಟೋ ಮನೆಯ ಭಾನುವಾರದ ಸಾರು ಅದೇ. ಆದರೆ ನಮ್ಮ ಕೆರೆಯಲ್ಲಿ ಗೆಂಡೆಯನ್ನು ಬೆಳೆಸಿ ಹಿಡಿದು ತಿನ್ನುತ್ತೇವೆ. ನಿಮ್ಮ ಕೊಳದಲ್ಲಿ ಹಿಡಿದು ವಾಪಸ್ ಬಿಡುತ್ತೀರಿ. ಅದು ಇಪ್ಪತ್ತು ವರ್ಷ ಬದುಕಿ, ಇಪ್ಪತ್ತು ವರ್ಷವೂ ತಳ ಅಗೆಯುತ್ತಾ ಇರುತ್ತೆ. ಈಗ ಅಂಥ 300 ಅಂತೀರಿ.

ಇನ್ನು ವಯಸ್ಸಿನ ಮಾತು. ಕೋಲು ಚುಚ್ಚಿ ನೋಡಿದಾಗ ಏರಿಯ ಹತ್ತಿರ ನಾಲ್ಕು ಅಡಿ ಹೂಳು, ಮೇಲೆ ಎರಡೇ ಅಡಿ ನೀರು ಅಂತ ಬರೆದಿದ್ದೀರಿ. ನೀವು ಮಾಡಿದ ಅತ್ಯಂತ ಒಳ್ಳೆ ಕೆಲಸ ಇದು. ಹಾಸನದ ಕೆರೆ ಬೇಸಿಗೆಯಲ್ಲಿ ಬತ್ತುವುದನ್ನು ನೀವು ಕಂಡವರು. ಬತ್ತಿದ ಕೆರೆಯ ಗೋಡು ಬಿರುಕು ಬಿಟ್ಟು ಒಣಗುತ್ತೆ, ರೈತರು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಾರೆ. ನಮಗದು ಬರ ಅನಿಸಿದರೂ ಕೆರೆಗೆ ಒಂದು ಥರ ಸ್ನಾನ. ಇಂಗ್ಲೆಂಡಿನ ಗಿರಣಿ ಕೊಳ ಹಾಗೆ ಬತ್ತುವುದು ಅಪರೂಪ. ಗಿರಣಿ ನಡೆಯುವಾಗ ಯಜಮಾನರು ತೂಬು ತೆಗೆದು ಹೂಳೆತ್ತಿಸುತ್ತಿದ್ದರು, ನೀರು ಕಡಿಮೆಯಾದರೆ ಚಕ್ರ ನಿಲ್ಲುತ್ತಲ್ಲ. ಗಿರಣಿ ನಿಂತ ಮೇಲೆ ಆ ಗರಜು ಯಾರಿಗೂ ಇಲ್ಲ. ದಡದ ವಿಲ್ಲೋ ಮರಗಳು ಪ್ರತಿ ವರ್ಷ ಎಲೆ ಉದುರಿಸುತ್ತಲೇ ಇವೆ. ಎಲೆ ಕೊಳೆತು ಕಪ್ಪು ಕೆಸರಾಗುತ್ತೆ. ಕೋಲು ಎತ್ತಿದಾಗ ಕೊಳೆತ ಮೊಟ್ಟೆಯ ವಾಸನೆ ಬಂತಾ? ಬಂದಿದ್ದರೆ ಆ ಕೆಸರಿನೊಳಗೆ ಆಮ್ಲಜನಕ ಇಲ್ಲ ಅಂತಲೇ ಅರ್ಥ.

ಆಮ್ಲಜನಕದ್ದೂ ಸ್ವಲ್ಪ ಹೇಳಬೇಕು. 2022ರ ಬೇಸಿಗೆಯಲ್ಲಿ ಹಲವು ದೊಡ್ಡ ಬ್ರೀಮ್ ತೇಲಿದವು ಅಂದಿರಿ. ಆ ಜುಲೈ 19ರಂದೇ ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಗಿದ್ದು. 10 ಡಿಗ್ರಿಯ ಒಂದು ಲೀಟರ್ ನೀರು 11 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿಯಬಲ್ಲದು, 25 ಡಿಗ್ರಿಯಲ್ಲಿ 8 ಚಿಲ್ಲರೆ ಅಷ್ಟೇ. ಹಗಲು ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಉಸಿರಾಡಿ ಅದನ್ನು ವಾಪಸ್ ಕಸಿದುಕೊಳ್ಳುತ್ತೆ. ಕೆಳಗಿನ ಹೂಳೂ ಕಸಿಯುತ್ತೆ. ಬೆಳಗಿನ ಜಾವಕ್ಕೆ ಖಜಾನೆ ಖಾಲಿ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದ ಫೋಟೊ ನೀವೂ ನೋಡಿರಬಹುದು. ಅಲ್ಲಿ ಕೊಳಚೆ ನೀರು, ನಿಮ್ಮಲ್ಲಿ ಕೊಳೆತ ಎಲೆ. ಮೀನಿಗೆ ಉಸಿರು ಕಟ್ಟುವುದು ಒಂದೇ ರೀತಿ.

ಈಗ ನಾನಾದರೆ ಏನು ಮಾಡುತ್ತಿದ್ದೆ?

ಗೆಂಡೆಗೆ ಇಟ್ಟ ದುಡ್ಡನ್ನು ಮೊದಲು ಗರಗಸಕ್ಕೆ ಹಾಕುತ್ತಿದ್ದೆ. ತೆಂಕಣ ದಡದ ವಿಲ್ಲೋಗಳನ್ನು ಚಳಿಗಾಲದಲ್ಲಿ ಬುಡದವರೆಗೆ ಕತ್ತರಿಸಿ. ಮರ ಸಾಯಲ್ಲ, ಮತ್ತೆ ಚಿಗುರುತ್ತೆ, ಭಯ ಬೇಡ. ಎಲ್ಲವನ್ನೂ ಒಂದೇ ಸಲ ಬೇಡ, ಮೂರು ವರ್ಷಕ್ಕೆ ಹಂಚಿಕೊಳ್ಳಿ. ಹಕ್ಕಿ ಗೂಡು ಕಟ್ಟುವ ಕಾಲಕ್ಕೆ ಮೊದಲು ಮುಗಿಸಿ. ಬಿಸಿಲು ಬೀಳುತ್ತೆ, ಗಾಳಿ ಆಡುತ್ತೆ, ಎಲೆ ಕಡಿಮೆಯಾಗುತ್ತೆ. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಕೆಲಸ ನನಗೆ ಬೇರೆ ಗೊತ್ತಿಲ್ಲ. ಕತ್ತರಿಸಿದ ಕೊಂಬೆಗಳನ್ನು ಕಟ್ಟುಕಟ್ಟಿ ಎರಡು ಮೂಲೆಯಲ್ಲಿ ಮುಳುಗಿಸಿ, ಸುತ್ತ ಅಗಲ ಕಣ್ಣಿನ ಜಾಲರಿ ಕಟ್ಟಿ. ರೋಚ್ ನುಸುಳಬೇಕು, ನೀರುಕಾಗೆ ನುಸುಳಬಾರದು. ಆ ಮೂಲೆಗಳಲ್ಲಿ ಪೆಗ್ ಇಡಬೇಡಿ. ಕಮಿಟಿಯಲ್ಲಿ ಜಗಳ ಆಗುವುದು ಇದಕ್ಕೇ, ಅವು ಒಳ್ಳೆ ಪೆಗ್ಗುಗಳೇ ಆಗಿರುತ್ತವೆ.

ಹೂಳು ದುಬಾರಿ ಕೆಲಸ. ಪೂರ್ತಿ ಎತ್ತುವ ಕನಸು ಬೇಡ. ಏರಿಯ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಆಳ ಮಾಡಿಸಿ, ಬಿಸಿಲಿಗೂ ಚಳಿಗೂ ಮೀನಿಗೆ ಒಂದು ಆಳದ ಕೋಣೆ ಇರಲಿ. ತೆಗೆದ ಕೆಸರನ್ನು ಲಾರಿಯಲ್ಲಿ ಸಾಗಿಸಲು ಹೋದರೆ ಬಿಲ್ಲು ನೋಡಿ ಎದೆ ಒಡೆಯುತ್ತೆ, ತ್ಯಾಜ್ಯದ ಕಾನೂನೂ ಅಡ್ಡ ಬರುತ್ತೆ. ಎಷ್ಟೋ ಕಡೆ ಕೊಳದ ಒಂದು ಅಂಚಿನಲ್ಲೇ ಗೂಟದ ಬೇಲಿ ಹಾಕಿ ಅದರ ಹಿಂದೆ ತುಂಬಿ, ಮೇಲೆ ಜೊಂಡು ನೆಡುತ್ತಾರೆ. ಅದಕ್ಕೂ ಅನುಮತಿ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ತೂಬು, ಏರಿ ಮುಟ್ಟುವುದಿದ್ದರಂತೂ ಕೇಳಲೇಬೇಕು.

ಆಮೇಲೆ ಗೆಂಡೆ. ಇರುವುದರಲ್ಲಿ ದೊಡ್ಡವನ್ನು ಬಲೆ ಹಾಕಿಸಿ ಬೇರೆ ಕಡೆಗೆ ಕಳಿಸಿ. ಗೆಂಡೆ ಕೊಳ ನಡೆಸುವವರು ಬೇಕು ಅಂತಾರೆ, ಕ್ಲಬ್ಬಿಗೆ ನಾಲ್ಕು ಕಾಸೂ ಬರಬಹುದು. ಆದರೆ ಇಂಗ್ಲೆಂಡಿನಲ್ಲಿ ಒಂದು ನೀರಿನಿಂದ ಇನ್ನೊಂದಕ್ಕೆ ಮೀನು ಸಾಗಿಸಲು ಎನ್ವಿರಾನ್ಮೆಂಟ್ ಏಜೆನ್ಸಿ ಅನ್ನುವ ಸರ್ಕಾರಿ ಪರಿಸರ ಸಂಸ್ಥೆಯ ಪರ್ಮಿಟ್ ಬೇಕು. ಬಕೆಟ್ಟಿನಲ್ಲಿ ತಂದು ಬಿಟ್ಟೆ ಅನ್ನುವಂತಿಲ್ಲ. ಕೊಯ್ ಹರ್ಪಿಸ್ ಅನ್ನುವ ವೈರಸ್ ರೋಗ ಗೆಂಡೆಗಳನ್ನು ಸಾಲುಸಾಲು ಕೊಲ್ಲುತ್ತೆ. ಅದು ಹೊಸ ಮೀನಿನ ಜೊತೆ ಬರುವುದೇ ಜಾಸ್ತಿ.

ಹೊಸ ಮೀನು ಬೇಡವೇ ಬೇಡ ಅಂತಲ್ಲ. ಗಿಡ ಬಂದು, ನೀರು ಸ್ವಲ್ಪ ತಿಳಿಯಾದ ಮೇಲೆ ಟೆಂಚ್ ಬಿಡಿ, ಕ್ರೂಷನ್ ಗೆಂಡೆ ಬಿಡಿ. ಕ್ರೂಷನ್ ಚಿಕ್ಕದು, ಗಿಡದ ನಡುವೆ ಸುಖವಾಗಿರುತ್ತೆ. ಸಾಮಾನ್ಯ ಗೆಂಡೆ, ಗೋಲ್ಡ್ ಫಿಶ್ ಜೊತೆ ಇಟ್ಟರೆ ಮಿಶ್ರತಳಿ ಆಗಿ ಕುಲ ಕೆಡುತ್ತೆ, ಹಾಗಾಗಿ ಮೊದಲು ಆ ಎರಡನ್ನೂ ಖಾಲಿ ಮಾಡಬೇಕು. ರೋಚ್ ಮಾತ್ರ ನಾನು ತರುವುದಿಲ್ಲ. ರಡ್ ಮರಿಗಳು ದಡದಲ್ಲಿ ಇವೆಯಲ್ಲ, ಮರೆ ಕೊಟ್ಟರೆ ಅಳಿದುಳಿದ ರೋಚ್ ಕೂಡ ತಾನೇ ಹೆಚ್ಚುತ್ತೆ ಅಂತ ನನ್ನ ಅಂದಾಜು. ಎರಡು ವರ್ಷ ಕಾದು ನೋಡಿ.

ಕಮಿಟಿಯವರ ಕಡೆಯಿಂದಲೂ ಒಂದು ನ್ಯಾಯ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. 14 ಜನರ ಚಂದಾದಲ್ಲಿ ಕೊಳದ ಬಾಡಿಗೆ ಹುಟ್ಟಬೇಕು. ಹುಡುಗರು ಬರುವುದು ಗೆಂಡೆಗೆ, ಕೋಲು ಬಿಲ್ಲಿನ ಹಾಗೆ ಬಗ್ಗಬೇಕು ಅವರಿಗೆ. ಅದಕ್ಕೇ ಗೆಂಡೆ ಕೊಳ ಮಾಡುತ್ತೇವೆ ಅಂದರೆ ಮಾಡಲಿ, ತಪ್ಪಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಲಿ. ಆಗ ಗಾಳಿ ಊದುವ ಯಂತ್ರ ಬೇಕು, ಬೇಸಿಗೆ ರಾತ್ರಿ ಕಾವಲು ಬೇಕು, ತಿಂಡಿ ಹಾಕಬೇಕು, ರೋಚ್ ಆಸೆ ಬಿಡಬೇಕು. ಅದು ಮೀನಿನ ಕೊಟ್ಟಿಗೆ. ಕೊಟ್ಟಿಗೆಯ ಖರ್ಚು ಹಾಕದೆ ಕೊಟ್ಟಿಗೆಯಷ್ಟು ಹಾಲು ಕೇಳುವುದು ಮಾತ್ರ ಬೇಡ.

ಮೀಟಿಂಗಿನಲ್ಲಿ ಹೇಗೆ ಮಾತಾಡಲಿ ಅನ್ನುವ ಅಳುಕು ನಿಮಗಿದ್ದ ಹಾಗಿದೆ. ಹೊರಗಿನಿಂದ ಬಂದವನು, ಮೇಲಾಗಿ ಒಂದೂ ಮೀನು ಹಿಡಿಯದವನು! ನೀವು ಮಾತಾಡಲೇಬೇಡಿ. ಖಜಾಂಚಿಯವರ ಆ ನಾಲ್ಕು ಅಂಕಿಗಳನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಅವರ ಕೈಗೇ ಕೊಡಿ. ಅವರೇ ಓದಲಿ. ಈ ವರ್ಷಕ್ಕೆ ಗೆಂಡೆ ನಿಲ್ಲಿಸಿ, ನೀರು ಅಳೆಯೋಣ ಅನ್ನುವ ಠರಾವು ಸಾಕು.

ಅಳೆಯಲು ಮಷೀನು ಬೇಡ. ಮನೆಯ ಒಂದು ಬಿಳಿ ತಟ್ಟೆಗೆ ನಾಲ್ಕು ತೂತು ಕೊರೆದು, ಅಂಚಿನ ಮೂರಕ್ಕೆ ಮೂರು ಎಳೆ ಕಟ್ಟಿ, ಆ ಎಳೆಗಳನ್ನು ಮೇಲೆ ಒಂದು ಉದ್ದ ದಾರಕ್ಕೆ ಸೇರಿಸಿ, ನಡುವಿನ ತೂತಿನಿಂದ ಕೆಳಗೆ ಒಂದು ಕಲ್ಲು ತೂಗಿಸಿ. ಏರಿಯ ಮೇಲಿಂದ ನಿಧಾನ ಇಳಿಸಿ. ತಟ್ಟೆ ಕಣ್ಣಿಗೆ ಮರೆಯಾದ ಕಡೆ ದಾರಕ್ಕೆ ಗಂಟು ಹಾಕಿ, ಉದ್ದ ಬರೆದಿಡಿ. ಇಟಲಿಯ ಸೆಕ್ಕಿ ಅನ್ನುವ ಪಾದ್ರಿ 1865ರಲ್ಲಿ ಹಡಗಿನಿಂದ ಇಳಿಸಿದ್ದೂ ಇಂಥದ್ದೇ ಬಿಳಿ ತಟ್ಟೆ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಮಾಡಿ. ಮುಂದಿನ ಮ್ಯಾಚಿನಲ್ಲಿ ತಕ್ಕಡಿ ಬಂದಾಗ ತೂಕದ ಪಕ್ಕ ಇನ್ನೆರಡು ಕಾಲಂ ಎಳೆಸಿ: ಯಾವ ಮೀನು, ಎಷ್ಟು. ಮೀನಿಲ್ಲದವರ ಹೆಸರಿನ ಮುಂದೆ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಏಪ್ರಿಲ್ ಹೊತ್ತಿಗೆ ತಟ್ಟೆಯ ಅಳತೆಗಳನ್ನು ನನಗೆ ಕಳಿಸಿ. ತಟ್ಟೆ ಒಂದು ಅಡಿಗೇ ಮರೆಯಾದರೆ ಗೆಂಡೆ ತೆಗೆಯುವ ಮಾತು ಮೊದಲು ಆಡೋಣ. ಎರಡು ಅಡಿ ಇಳಿದು ತಳ ಮುಟ್ಟಿದರೂ ಕಾಣುತ್ತಿದ್ದರೆ ನನ್ನ ಅಂದಾಜು ಅರ್ಧ ತಪ್ಪು, ಕೂತು ಬೇರೆ ಯೋಚಿಸೋಣ.